ಡಿಪೋದಲ್ಲಿ ಪುಟಿದ ಚೆಂಡು

ಡ್ರೈವರಕ್ಕ ಎಂದರೆ ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ದೂರದಿಂದ ಓಡಿಬರುವವರನ್ನು ಕನ್ನಡಿಯಲ್ಲಿ ಕಂಡರೆ ಅರೆಗಳಿಗೆ ಬಸ್ಸು ನಿಲ್ಲಿಸುವಳು, ಹತ್ತಿದ ಮೇಲೆ ಗದರುವಳು. ಅಂಥವಳು ಒಂದು ಬೆಳಿಗ್ಗೆ ಮಾರುಕಟ್ಟೆಯ ಹತ್ತಿರ ತಿರುಗಬೇಕಾದಲ್ಲಿ ತಿರುಗದೆ ನೇರ ಹೋಗಿಬಿಟ್ಟಳು.

“ಅಕ್ಕಾ, ಎಡಕ್ಕೆ! ನಮ್ಮನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೊರಟ್ರಿ?”

ಬಸ್ಸೆಲ್ಲ ನಕ್ಕಿತು. ಅವಳಿಗೆ ಮಾತ್ರ ನಗು ಬರಲಿಲ್ಲ. ಅವಳ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ “ಯಾರಮ್ಮ ನೀನು?” ಎಂದು ಕೇಳುತ್ತಿದ್ದಳು.

ಮನೆಯಲ್ಲಿ ಜೊತೆಗಿದ್ದವಳು ತಂಗಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು.

“ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?”

“ಅಮ್ಮನ ಹಾಗೇ ಆಗ್ತಿದೀನಿ ಕಣೇ.”

ತಂಗಿ ಮರುದಿನವೇ ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು. ಪರೀಕ್ಷೆಗಳಾದವು. ಡಾಕ್ಟರಮ್ಮ ಒಪ್ಪಿಗೆ ಕೊಡುವವರೆಗೆ ಬಸ್ಸು ಮುಟ್ಟಬಾರದು ಎಂದಾಯಿತು. ಬಂದ ವರದಿಗಳಲ್ಲಿ ಭಯಪಡುವಂಥದ್ದು ಏನೂ ಇರಲಿಲ್ಲ. ಆದರೂ ಡಾಕ್ಟರಮ್ಮ ಬಿಡಲಿಲ್ಲ.

“ನಿದ್ದೆ?”

“ಮಲಗೋದು ಬೇಗ. ಮೊಬೈಲ್ ಬಿಡೋದು ತಡ.”

“ಊಟ?”

“ಸೀಟಲ್ಲೇ ಬಿಸ್ಕೆಟ್ಟು, ಟೀ.”

“ಯಾರ ಜೊತೆ ಮಾತಾಡ್ತೀರಿ?”

“‘ಒಳಗೆ ನಡೀರಿ, ಒಳಗೆ ನಡೀರಿ’ ಅಂತ ದಿನವಿಡೀ ಮಾತೇ ಅಲ್ವಾ?”

ಡಾಕ್ಟರಮ್ಮ ನಕ್ಕರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. “ನೋಡಿ, ನಿಮ್ಮ ಮನಸ್ಸು ತುಂಬ ಕುಗ್ಗಿದೆ. ನಿದ್ದೆಗೆಟ್ಟು, ಒಂಟಿಯಾಗಿ, ಕೂತಲ್ಲೇ ಕೂತಿದ್ರೆ ಮೆದುಳು ಬಳಲುತ್ತೆ, ಮರೆವೂ ಬರುತ್ತೆ. ಅಮ್ಮನಿಗೆ ಬಂದಿದ್ದು ನಿಮಗೂ ಬಂದೇ ಬರುತ್ತೆ ಅಂತಿಲ್ಲ. ಬರೋದೇ ಇಲ್ಲ ಅಂತ ಹೇಳೋಕೂ ನನಗಾಗಲ್ಲ. ಅಪಾಯ ಕಡಿಮೆ ಮಾಡ್ಕೊಳ್ಳೋದು ಮಾತ್ರ ಒಂದಿಷ್ಟು ನಿಮ್ಮ ಕೈಲಿದೆ. ಆಪ್ತಸಲಹೆಗಾರರ ಹತ್ರ ಹೋಗಿ. ಮೈ ಬೆವರೋ ಹಾಗೆ ಏನಾದ್ರೂ ಮಾಡಿ, ಅದೂ ನಾಲ್ಕು ಜನರ ಜೊತೆ.”

ಒಂದಿಷ್ಟು ಕೈಲಿದೆ! ಆ ಮಾತು ಕೇಳಿದ್ದೇ ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಡಿಪೋದ ಮೂಲೆಯಲ್ಲಿ ಹಳೆಯ ಟೇಬಲ್ ಟೆನಿಸ್ ಮೇಜೊಂದು ಟೈರುಗಳನ್ನು ಹೊತ್ತುಕೊಂಡು ಬಿದ್ದಿತ್ತು. ಓಡಿಸಲು ಬಸ್ಸಿಲ್ಲದಿದ್ದರೂ ಅಲ್ಲಿಗೆ ಹೋಗಿ ಮೆಕ್ಯಾನಿಕ್ ಗಡ್ಡದಣ್ಣನನ್ನು ಹಿಡಿದಳು.

“ಅಣ್ಣಾ, ಈ ಮೇಜು ಇರೋದು ಆಡೋಕಾ, ಟೈರು ಮಲಗಿಸೋಕಾ?”

“ಆಡೋಕೆ ಬರುತ್ತಾ ನಿಂಗೆ?”

“ಇಲ್ಲ.”

“ನಂಗೂ ಇಲ್ಲ. ಹಿಡಿ ಆ ಕಡೆ!”

ಚೆಂಡು ಗ್ರೀಸಿನ ಡಬ್ಬಕ್ಕೆ ಬಿತ್ತು, ಬಸ್ಸಿನಡಿಗೆ ಉರುಳಿತು, ಮ್ಯಾನೇಜರರ ಟೀಯೊಳಕ್ಕೂ ಹಾರಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹಾಗೆ ನಕ್ಕು ಯಾವ ಕಾಲವಾಗಿತ್ತೋ! ಕಂಡಕ್ಟರುಗಳು, ಬಸ್ಸು ತೊಳೆಯುವವರು, ಎಲ್ಲರೂ ಸರದಿ ನಿಂತರು. ಸಂಜೆಯಾದರೆ ಮೊಬೈಲು ತಂಗಿಯ ಬೀರುವಿಗೆ. ಅನ್ನ, ಬೇಳೆ, ತರಕಾರಿ, ಅಕ್ಕತಂಗಿಯರ ಹರಟೆ.

ಎಲ್ಲ ದಿನಗಳೂ ಹಾಗಿರಲಿಲ್ಲ. ಕೆಲವು ಬೆಳಿಗ್ಗೆ ಎದ್ದೇಳುವುದೇ ಬೇಡವೆನಿಸುತ್ತಿತ್ತು. ಆಗ ತಂಗಿ ಹೊದಿಕೆ ಎಳೆದುಹಾಕುತ್ತಿದ್ದಳು. “ಏಳೇ ಅಕ್ಕಾ, ಗಡ್ಡದಣ್ಣ ಗೋಡೆ ಜೊತೆ ಆಡ್ತಿರ್ತಾನೆ ಪಾಪ!” ಸಲಹೆಗಾರರ ಮುಂದೆ ತಾಯಿಯ ನೆನಪಿಗೆ ಮನಸಾರೆ ಅತ್ತಳು. ಮೆಲ್ಲಗೆ ನಿದ್ದೆ ಹತ್ತಿತು. ಡಾಕ್ಟರಮ್ಮ ಮತ್ತೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಬಸ್ಸು ಮತ್ತೆ ಅವಳ ಕೈಗೆ ಬಂತು.

ಅಷ್ಟರಲ್ಲಿ ಡಿಪೋಗಳ ನಡುವೆ ಪಂದ್ಯ ಬಂತು ನೋಡಿ! ಜೋಡಿ ಆಟದ ಫೈನಲ್‌ನಲ್ಲಿ ಎದುರಿಗೆ ಪಕ್ಕದ ಡಿಪೋದವರು, ಹೊಸ ಶೂ, ಒಂದೇ ಬಣ್ಣದ ಅಂಗಿ. ಇತ್ತ ಗಡ್ಡದಣ್ಣನ ಅಂಗಿಯಲ್ಲಿ ಎಣ್ಣೆಯ ಕಲೆ. ಆಟ ಸಮಸಮವಾಗಿ ಸಾಗಿ, ಕೊನೆಗೆ ಇವರು ಒಂದು ಪಾಯಿಂಟು ಮುಂದೆ ಬಂದರು. ಇನ್ನೊಂದು ಪಾಯಿಂಟು ಬಂದರೆ ಗೆಲುವು.

“ಅಕ್ಕಾ, ಭಯ ಆಗ್ತಿದೆ,” ಎಂದ ಗಡ್ಡದಣ್ಣ.

“ನಂಗೂ. ಸುಮ್ನೆ ಹೊಡಿ!”

ಚೆಂಡು ಅತ್ತ, ಇತ್ತ, ಮತ್ತೆ ಅತ್ತ. ತಂಗಿ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಎದುರಿನವನು ಬಲಕ್ಕೆ ಬೀಸಿದ. ಡ್ರೈವರಕ್ಕ ಮೈಯನ್ನೇ ಚಾಚಿ ಒಂದೇಟು ಕೊಟ್ಟಳು. ಚೆಂಡು ನೆಟ್ಟಿನ ಅಂಚಿಗೆ ತಾಗಿ, ಒಂದು ಕ್ಷಣ ಯೋಚಿಸಿದಂತೆ ನಿಂತು, ಆ ಕಡೆಗೆ ಬಿತ್ತು.

ಡಿಪೋದ ಬಸ್ಸುಗಳ ಹಾರನ್ನುಗಳೆಲ್ಲ ಒಟ್ಟಿಗೇ ಕೂಗಿದವು.