ಮುಖವಿಲ್ಲದ ಚಿತ್ರದಲ್ಲಿ ನಮ್ಮತ್ತೆ

ಕಲ್ಲೋಳಿಯಿಂದ ದಿನಾಲೂ ಗೋಕಾಕಕ್ಕೆ ಹೋಗಿ ಚಿತ್ರಕಲೆ ಕಲಿಯುವ ನನ್ನ ಮಗಳು ಪರೀಕ್ಷೆಗೆ ದುಡಿಯುವ ಹೆಂಗಸೊಬ್ಬಳ ಚಿತ್ರ ಬರೆದುಕೊಡಬೇಕಿತ್ತು. ಅವಳಿಗೆ ಅಜ್ಜಿಯೇ, ಅಂದರೆ ನನ್ನ ಅತ್ತೆಯೇ ಬೇಕು. ಅತ್ತೆ ಎರಡು ದಿನ ಒಪ್ಪಲಿಲ್ಲ.

"ಹಲ್ಲಿಲ್ಲದ ಬಾಯಿ ಊರಿಗೆಲ್ಲಾ ತೋರಸ್ತಿ ಏನ? ಸುಮ್ನ ಹೋಗ," ಎಂದು ಎಮ್ಮೆಯ ಕಡೆ ಎದ್ದು ಹೋಗುತ್ತಿದ್ದರು.

ಮೂರನೆಯ ದಿನ ನಾನು ಪೂಜೆ ಮುಗಿಸಿ ಏಳುವಾಗ, ಮಗಳು ಮೊಬೈಲಿನಲ್ಲಿ ಅವರಿಗೊಂದು ಚಿತ್ರ ತೋರಿಸುತ್ತಿದ್ದಳು. ಚೆಕ್ ದೇಶದ ಯಾವುದೋ ಹಳ್ಳಿಯ ಹೆಂಗಸು, ಹುಲ್ಲಿನ ಹೊರೆ ಹೊತ್ತಿದ್ದಾಳೆ. ಮೈಯೆಲ್ಲ ನೀಲಿ, ಕಂದು ಬಣ್ಣದ ತುಂಡುಗಳು, ಕೈಗಳು ಮೊರದಷ್ಟು ದೊಡ್ಡವು. ಮುಖದಲ್ಲಿ ಮಾತ್ರ ಕಣ್ಣು, ಮೂಗು, ಬಾಯಿ ಒಂದೂ ಇಲ್ಲ.

ಅತ್ತೆ ಬಹಳ ಹೊತ್ತು ನೋಡಿದರು. "ಇಕಿ ಯಾರಂತ ಯಾರಿಗೂ ಗೊತ್ತಾಗೂದಿಲ್ಲಲ್ಲ?"

"ಇಲ್ಲಬೇ ಆಯಿ."

"ಹಂಗಾದ್ರ ನನ್ನೂ ಹಿಂಗ ತಗಿ. ಆದ್ರ ಖಾಲಿ ಕೈಲೆ ಕುಂಡ್ರಾಕ ಆಗೂದಿಲ್ಲ, ರೊಟ್ಟಿ ಬಡೀತೇನಿ."

ಮಧ್ಯಾಹ್ನಕ್ಕೆ ಚಿತ್ರವೂ ಮುಗಿಯಿತು, ಬುಟ್ಟಿ ತುಂಬ ರೊಟ್ಟಿಯೂ ಆದವು. ಅಂದು ನನಗೆ ಒಲೆಯ ಮುಂದಿನ ಕೆಲಸ ತಪ್ಪಿತು. ಆ ಬಿಡುವನ್ನೂ ಶಿವನೇ ಕೊಟ್ಟ ಎಂದುಕೊಂಡೆ.

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಂದು ನೋಡಿದರು. ಸಪ್ಪಗಾದರು.

"ನನ್ನ ಮೂಗಬಟ್ಟು ಎಲ್ಲೈತಿ?"

"ಮೂಗ ಇಲ್ಲ ಆಯಿ, ಎಲ್ಲಿ ಇಡ್ಲಿ?"

"ಮೂಗ ಇರೂ ಜಾಗಾ ನಿನಗ ಗೊತ್ತಿಲ್ಲೇನ? ಅಲ್ಲೇ ಇಡು."

ಮಗಳು ನಗುತ್ತ ಬರಿದಾದ ಮುಖದ ನಡುವೆ ಹಳದಿ ಚುಕ್ಕೆಯೊಂದನ್ನು ಇಟ್ಟಳು. ಅದು ಒಣಗುವ ಮೊದಲೇ ಅತ್ತೆ ಚಿತ್ರ ಎತ್ತಿಕೊಂಡು ಬಾಜೂ ಮನೆಗೆ ನಡೆದರು. "ಯಾರದೀರಿ ಒಳಗ? ಬರ್ರಿ, ನಾ ಹೆಂಗದೇನಿ ನೋಡ ಬರ್ರಿ," ಎಂಬುದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು.