ಬಣ್ಣ ಬಳಿದ ಹುಂಜ

ಸುವಾರ್ತಮ್ಮ, ಆ ವರ್ಷ ಸುಗ್ಗಿ ಹಬ್ಬಕ್ಕೆ ನಾನು ಚರ್ಚಿಗೆ ಕಾಣಿಕೆ ಕೊಟ್ಟ ಕೆಂಪು ಹುಂಜ ನನ್ನದಲ್ಲ. ಕೆಂಪೂ ಅಲ್ಲ. ಅದು ನಿಮ್ಮ ಬಿಳಿ ಹುಂಜ — ಕದ್ದವನೂ ಬಣ್ಣ ಬಳಿದವನೂ ನಾನೇ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಹೂವಿನಹಡಗಲಿಯಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಹಾಕಿದವನು ನಾನು. ಚರ್ಚಿನ ಗೇಟು ನನ್ನ ಕೈಯದೇ. ಅದನ್ನು ನಾನು ಕರೆದು ತೋರಿಸದ ಜನ ಊರಲ್ಲಿಲ್ಲ. ದೇವರಿಗೆ ಕೃತಜ್ಞತೆ ಹೇಳುವಾಗಲೂ ಬಿಲ್ಲು ಓದಿದಂತೆ ಓದುತ್ತಿದ್ದೆ — ನಾನು ಇಷ್ಟು ದುಡಿದೆ, ನೀನು ಇಷ್ಟು ಕೊಟ್ಟೆ, ಸರಿಹೋಯಿತು.

ಸುಗ್ಗಿ ಹಬ್ಬಕ್ಕೆ ಎಲ್ಲರೂ ಮನೆಯಲ್ಲಿ ಬೆಳೆದದ್ದು, ಸಾಕಿದ್ದು ತರುತ್ತೇವೆ; ಅಂಗಳದಲ್ಲೇ ಹರಾಜು ಹಾಕಿ, ಬಂದ ದುಡ್ಡು ಬಡವರಿಗೆ. ಆ ಸಲ ಎಲ್ಲಕ್ಕಿಂತ ದೊಡ್ಡ ಹುಂಜ ನನ್ನದೇ ಎಂದು ಸಭೆಯೆದುರು ಹೇಳಿಬಿಟ್ಟಿದ್ದೆ. ಹಬ್ಬದ ಹಿಂದಿನ ದಿನ ಅದನ್ನು ನಾಯಿ ಕಚ್ಚಿಕೊಂಡು ಹೋಯಿತು. ನಿಮ್ಮ ಹುಂಜವೋ, ದಿನವೂ ನನ್ನ ಅಂಗಡಿ ಮುಂದೆ ಕೆದಕುತ್ತಿತ್ತು. ಅದರ ಮೇಲೆ ಬುಟ್ಟಿ ಕವುಚಿದೆ. ಸಂಜೆ ನೀವು “ಬಾ ಬಾ ಬಾ” ಎಂದು ಓಣಿಯೆಲ್ಲ ತಿರುಗಿದಿರಿ. ನಾನೂ ನಿಮ್ಮ ಜೊತೆ ಹುಡುಕಿದೆ — ಅದನ್ನು ನೆನೆದರೆ... ಮರುದಿನ ಬೆಳಿಗ್ಗೆ, ಹಿಂದಿನ ತಿಂಗಳು ಚರ್ಚಿನ ಗೇಟಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ, ರೆಡ್ ಆಕ್ಸೈಡನ್ನು, ಗುರುತು ಸಿಗದಂತೆ ಅದರ ಮೈಗೆ ಬಳಿದೆ.

ಹಬ್ಬಕ್ಕೆ ನೀವು ಬರಿಗೈಲಿ ಬಂದಿದ್ದಿರಿ.

“ಮಗಳ ಹೆರಿಗಿ ಸುಸೂತ್ರ ಆದ್ರ ಹುಂಜ ಕೊಡ್ತೀನಂದಿದ್ನಿ ಅಯ್ಯಾರ. ಅದು ಕಳದುಹೋತು. ಇದನ್ನರ ಕೊಂಡು ದೇವರ ಪಾಲು ಕೊಡ್ತೀನಿ” ಎಂದು ಪಾಸ್ಟರಿಗೆ ಹೇಳಿ ಹರಾಜಿಗೆ ನಿಂತಿರಿ.

ನಾನೇ ಕೊಂಡು ಗುಟ್ಟಾಗಿ ನಿಮಗೆ ಮುಟ್ಟಿಸೋಣವೆಂದು ನಾನೂ ಕೂಗಿದೆ. ನಾನು ಏರಿಸಿದಷ್ಟೂ ನೀವು ಏರಿಸಿದಿರಿ. ಮಲ್ಲಿಗೆ ಮಾರಿದ ದುಡ್ಡು ಸೆರಗಿನ ಗಂಟಿನಿಂದ ಹೊರಬರುತ್ತಲೇ ಇತ್ತು. ಪಾಸ್ಟರ್ ನಕ್ಕರು:

“ಏನೋ ದಾನೇಲಪ್ಪ, ಕೊಟ್ಟಿದ್ದನ್ನ ನೀನ ಕೊಳ್ಳಾಕ ನಿಂತೀಯಲ್ಲ! ಅಷ್ಟ್ಯಾಕೋ ಅದರ ಮ್ಯಾಲೆ ಜೀವ?”

ಎಲ್ಲರೂ ನಕ್ಕರು. ಕೂಗುವುದನ್ನು ನಿಲ್ಲಿಸಿದೆ. ನಿಮ್ಮ ಹುಂಜವನ್ನು ನೀವೇ ಕೊಂಡಿರಿ — ನನ್ನ ಒಳ್ಳೆಯತನದಿಂದಾಗಿ ದುಪ್ಪಟ್ಟು ರೇಟಿಗೆ.

ಎತ್ತಿಕೊಂಡಿರಿ. ಅಂಗೈ ಕೆಂಪಾಯಿತು. ಅಂಗೈ ನೋಡಿದಿರಿ, ರೆಕ್ಕೆಯಡಿಯ ಬಿಳಿ ಗರಿ ನೋಡಿದಿರಿ, ಆಮೇಲೆ — ನನ್ನನ್ನು.

“ಏನಮ್ಮ ಸುವಾರ್ತಮ್ಮ, ಕೈ ತುಂಬ ಬಣ್ಣ?” ಎಂದರು ಪಾಸ್ಟರ್.

“ಬರುವಾಗ ಗೇಟು ಹಿಡಕಂಡಿದ್ನಿರಿ. ಅಣ್ಣಾರು ಹಚ್ಚಿದ ಬಣ್ಣ ಇನ್ನೂ ಹಸಿ ಐತಿ.”

“ಎಂಥಾ ಕೆಲಸಾನೋ ನಿಂದು!” — ಪಾಸ್ಟರ್ ಎಲ್ಲರೆದುರೂ ನನಗೆ ಬೈದರು. ಬಣ್ಣ ಒಣಗಿ ತಿಂಗಳಾಯಿತು ಎನ್ನಲು ನನ್ನ ನಾಚಿಕೆಗೆಟ್ಟ ಬಾಯಿ ಆಗಲೂ ತೆರೆದಿತ್ತು. ನೀವು ಬೇಡವೆಂಬಂತೆ ತಲೆಯಾಡಿಸಿದಿರಿ. ಮುಚ್ಚಿದೆ.

ನಿಜ ಹೇಳುತ್ತೇನೆ — ನನ್ನ ಕೆಲಸಕ್ಕೆ ಹೆಸರು ಕೆಡಿಸಿದಿರೆಂದು ವರ್ಷಗಟ್ಟಲೆ ನಿಮ್ಮ ಮೇಲೇ ಸಿಟ್ಟಿಟ್ಟುಕೊಂಡಿದ್ದೆ! ನೀವೋ, ಎದುರು ಸಿಕ್ಕಾಗಲೆಲ್ಲ “ಊಟ ಆತೇನಣ್ಣ?” ಎಂದು ಕೇಳುತ್ತಲೇ ಬಂದಿರಿ. ನಿಮ್ಮ ಹರಕೆಯನ್ನೇ ಕದ್ದವನನ್ನು... ಒಂದು ಸಲವೂ ನನ್ನ ಬಾಯಿಂದ ಕ್ಷಮೆ ಬರಲಿಲ್ಲ, ಉಪಕಾರವಾಯಿತೆಂಬ ಮಾತೂ ಬರಲಿಲ್ಲ.

ಬರುವ ಭಾನುವಾರ ಚರ್ಚಿನಲ್ಲಿ, ದೇವರು ಮಾಡಿದ್ದನ್ನು ಸಭೆಯೆದುರು ಹೇಳಿಕೊಳ್ಳುವ ಸಾಕ್ಷಿಯ ಹೊತ್ತಿನಲ್ಲಿ ಎದ್ದು ನಿಂತು ಇದಿಷ್ಟನ್ನೂ ಹೇಳುತ್ತೇನೆ. ನೀವು ಎಂದಿನಂತೆ ಮುಂದೆಯೇ ಕೂತಿರುತ್ತೀರಿ. ನಿಮ್ಮಲ್ಲಿ ಒಂದೇ ಬೇಡಿಕೆ ಸುವಾರ್ತಮ್ಮ — ನಡುವೆ ಎದ್ದು, ಮತ್ತೆ ನನ್ನನ್ನು ಉಳಿಸಬೇಡಿ.