ಬಾಟಲಿಯೊಳಗಿನ ಕಬ್ಬಿಣ

ಓಬಮ್ಮ ಮೇಡಂ ಬೀಕರಿನ ಪಕ್ಕಕ್ಕೆ ಕಿವಿಯಾನಿಸಿ ಕೂರುತ್ತಿದ್ದರು. ಹೊನ್ನಾಳಿಯ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ನಾನು ಸೇರಿದ ದಿನ ಲ್ಯಾಬಿನಲ್ಲಿ ಅವರನ್ನು ಮೊದಲು ಕಂಡದ್ದೂ ಹಾಗೆಯೇ, ಕಣ್ಣು ಮುಚ್ಚಿಕೊಂಡು. ತಲೆಸುತ್ತು ಬಂದಿರಬೇಕೆಂದು ಓಡಿದೆ. ಕೈಯೆತ್ತಿ ತಡೆದರು.

"ಸ್ವಲ್ಪ ಸುಮ್ನಿರ್ರಿ ಸರ್. ಗುಳ್ಳೆ ಸದ್ದು ಕೇಳ್ತಾ ಇದೀನಿ. ದಪ್ಪ ಗುಳ್ಳೆ ಬಂದ್ರೆ ಒಳಗಿರೋ ನಿಕ್ಕಲ್ ಜಾಲರಿ ಅವನ್ನ ಹಿಡ್ಕೊಂಡು ಕೂತೈತೆ ಅಂತ. ಸಣ್ಣಗೆ, ಬಿಡದಂಗೆ ಬರ್ಬೇಕು."

ಜಗಳೂರಿನ ಸೊಕ್ಕೆ ಅವರ ಊರು. ನನಗಿಂತ ಹನ್ನೆರಡು ವರ್ಷ ಹಿರಿಯರು. ನಿಕ್ಕಲ್ ಲವಣ ಮೈಗಾಗದೆ ಬೆರಳ ಸಂದಿಗಳೆಲ್ಲ ಒಡೆದಿರುತ್ತಿದ್ದವು. ಆದರೂ ಕ್ಲಾಸು ಮುಗಿದ ಕೂಡಲೇ ಮತ್ತೆ ಲ್ಯಾಬು. ವಿದ್ಯುತ್ ಹರಿಸಿ ನೀರನ್ನು ಒಡೆದರೆ ಒಂದು ಕಡೆ ಜಲಜನಕ, ಇನ್ನೊಂದು ಕಡೆ ಆಮ್ಲಜನಕ ಏಳುತ್ತದೆ. ಆಮ್ಲಜನಕದ ಕಡೆ ಕೆಲಸ ಬಹಳ ನಿಧಾನ. ಅಲ್ಲಿ ತಡವಾದರೆ ಜಲಜನಕವೂ ಕಾಯಬೇಕು. ಆ ಕಡೆಗೆ ದುಬಾರಿ ಲೋಹಗಳ ಬದಲು ನಿಕ್ಕಲ್ಲಿನಿಂದಲೇ ಒಳ್ಳೆಯ ವೇಗವರ್ಧಕ ಮಾಡಬೇಕೆಂಬುದು ಅವರ ಪಿಎಚ್.ಡಿ. ವಿಷಯ.

ಮೊದಲೆರಡು ವರ್ಷ ಯಾರದೋ ಪ್ರಬಂಧದಲ್ಲಿದ್ದ ಲೇಪನವನ್ನೇ ಮಾಡಲು ಹೋಗಿ ಸೋತಿದ್ದರಂತೆ. "ಅವರು ಬರ್ದಂಗೇ ಮಾಡಿದ್ದೆ ಕಣ್ರಿ. ಆಗ್ಲೇ ಇಲ್ಲ. ನನ್ ಕೈನೇ ಸರಿ ಇಲ್ಲ ಅಂದ್ಕೊಂಡ್ಬಿಟ್ಟೆ," ಎನ್ನುತ್ತಿದ್ದರು. ಆಮೇಲೆ ತಮ್ಮದೇ ದಾರಿ ಹಿಡಿದು ನಿಕ್ಕಲ್ ಜಾಲರಿಯ ಮೇಲೆ ಹೊಸ ಲೇಪನ ಕೂರಿಸಿದರು. ಅದು ಕೆಲಸ ಮಾಡಿತು, ನಂಬಲಾಗದಷ್ಟು ಚೆನ್ನಾಗಿ. ಅಂದು ಇಡೀ ಸ್ಟಾಫ್ ರೂಮಿಗೆ ಮಂಡಕ್ಕಿ ಮಿರ್ಚಿ ತರಿಸಿದ್ದರು. ಯಾವತ್ತೂ ಹೆಚ್ಚು ಮಾತಾಡದ ಹೆಂಗಸು ಆ ಮಧ್ಯಾಹ್ನ ಎಲ್ಲರಿಗೂ ತಾವೇ ಬಡಿಸುತ್ತ ನಗುತ್ತಿದ್ದರು.

ಪ್ರಬಂಧ ಸಲ್ಲಿಸಲು ತಿಂಗಳಿದ್ದಾಗ ನೀರಿಗೆ ಬೆರೆಸುತ್ತಿದ್ದ ಅಗ್ಗದ ಕ್ಷಾರದ ಹಳೆಯ ಬಾಟಲಿ ತಳ ಕಂಡಿತು. ನಾನೇ ದಾವಣಗೆರೆಯಿಂದ ಹೊಸದನ್ನು ತಂದುಕೊಟ್ಟೆ. ಹೆಚ್ಚು ಶುದ್ಧವಾದದ್ದು, ಒಳ್ಳೆಯದಾಗಲೆಂದು. ಅದರ ದ್ರಾವಣದಲ್ಲಿ ಅದ್ದಿದ ಹೊಸ ಜಾಲರಿ ಗುಳ್ಳೆಯೇಳದೆ ಸತ್ತಂತೆ ನಿಂತಿತು. ನಾಲ್ಕು ದಿನ ಜಾಲರಿ ಬದಲಿಸಿ, ತಂತಿ ಬದಲಿಸಿ ನೋಡಿದರು. ಐದನೆಯ ದಿನ ಆ ದ್ರಾವಣಕ್ಕೆ ಚಿಟಿಕೆಗಿಂತ ಕಡಿಮೆ ಕಬ್ಬಿಣದ ಲವಣ ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ಗುಳ್ಳೆಗಳು ಸಣ್ಣಗೆ, ಬಿಡದೆ ಎದ್ದವು.

ಮೇಡಂ ಹಳೆಯ ಖಾಲಿ ಬಾಟಲಿಯನ್ನು ಕೈಗೆತ್ತಿಕೊಂಡರು. "ಅಗ್ಗದ ಬಾಟ್ಲಿ ಒಳಗೆ ಸೇರಿದ್ದ ಕಬ್ಬಿಣ ಸರ್ ಇಷ್ಟು ದಿನ ಕೆಲ್ಸ ಮಾಡಿದ್ದು. ನನ್ ಲೇಪನ ಅಲ್ಲ."

ಹುಡುಕಿ ನೋಡಿದರೆ ಕಬ್ಬಿಣದ ಈ ಗುಣವೂ ಹೊಸದಲ್ಲ. ಹೊರದೇಶದವರು ಎಂದೋ ಬರೆದಿಟ್ಟಿದ್ದರು. ನಾವಿಬ್ಬರೂ ಅದನ್ನು ಓದಿರಲಿಲ್ಲ ಅಷ್ಟೆ.

ನಾನು ಬಾಗಿಲು ಮುಂದೆ ಮಾಡಿ ಹೇಳಿದೆ: "ಮೇಡಂ, ಅಂಕಿಅಂಶ ಯಾವ್ದೂ ಸುಳ್ಳಲ್ಲ. ಹಳೇ ಬಾಟ್ಲಿಲಿ ಬಂದಿದ್ದು ಬಂದಂಗೇ ಐತೆ. ಹಂಗೇ ಕೊಟ್ಬಿಡ್ರಿ. ಯಾರು ಕೇಳ್ತಾರೆ?"

ಅವರು ಪ್ರಬಂಧದ ಕರಡನ್ನು ಪಕ್ಕಕ್ಕೆ ಸರಿಸಿದರು. "ಇದನ್ನ ಓದಿ ಎಲ್ಲೋ ಒಬ್ಳು ಮಾಡಾಕೆ ಹೋಗ್ತಾಳೆ. ಆಗಲ್ಲ. ತನ್ ಕೈನೇ ಸರಿ ಇಲ್ಲ ಅಂದ್ಕೊಂತಾಳೆ. ಅದು ಹೆಂಗಿರ್ತೈತೆ ಅಂತ ನಂಗೊತ್ತು ಸರ್."

ಪ್ರಬಂಧ ಸಲ್ಲಿಸಲೇ ಇಲ್ಲ. ಮಾರ್ಗದರ್ಶಕರು ಸಿಟ್ಟಾಗಿ ಫೋನ್ ಎತ್ತುವುದನ್ನೇ ಬಿಟ್ಟರು. ನೋಂದಣಿಯ ಅವಧಿ ಮುಗಿಯಿತು. ಮರುವರ್ಷ ಅವರಿಗೆ ಜಗಳೂರಿಗೆ ವರ್ಗವಾಯಿತು. ಅಲ್ಲಿ ಪಾಠಕ್ಕೆ ಬೇಕಾದಷ್ಟು ಸಾಮಾನಷ್ಟೇ ಇತ್ತು.

ನಾನು ಅದೇ ವಿಷಯದಲ್ಲಿ ಮುಂದುವರಿದೆ. ಕೋಬಾಲ್ಟ್ ಲೇಪನದ ಐದು ಮಾದರಿಗಳಲ್ಲಿ ಒಂದರ ಲೇಪನ ಮೂರನೆಯ ದಿನವೇ ಉದುರಿತು. ಅದರ ನಕ್ಷೆಯನ್ನು ಪ್ರಬಂಧಕ್ಕೆ ಸೇರಿಸಲಿಲ್ಲ. ಯಾರೂ ಕೇಳಲಿಲ್ಲ. ಡಾಕ್ಟರೇಟ್ ಬಂತು.

ಪ್ರಬಂಧದ ಒಂದು ಪ್ರತಿ ಹಿಡಿದು ಸೊಕ್ಕೆಗೆ ಹೋದಾಗ ಮೇಡಂಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ತಂಗಿಯ ಮನೆಯ ಪಡಸಾಲೆಯಲ್ಲಿ ಮಂಚದ ಮೇಲಿದ್ದರು. ಬಲಗೈ ಅಲ್ಲಾಡುತ್ತಿರಲಿಲ್ಲ, ಮಾತು ಅರ್ಧರ್ಧ. ತಂಗಿ ದಿಂಬು ಕೊಟ್ಟು ಕೂರಿಸಿದರು. ಎಡಗೈಯಿಂದ ಒಂದೊಂದೇ ಹಾಳೆ ತಿರುವಿದರು. ನಾನು ತಂದ ಹಣ್ಣುಗಳನ್ನು ಯಾರೂ ಮುಟ್ಟಲಿಲ್ಲ. ನಕ್ಷೆಗಳಿದ್ದ ಪುಟಗಳಲ್ಲಿ ಅವರು ನಿಂತು ನಿಂತು ನೋಡಿದರು. ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ.

ಕೊನೆಗೆ ಪುಸ್ತಕ ಮುಚ್ಚಿ, ತೊದಲುತ್ತ ಕೇಳಿದರು: "ಎಲ್ಲಾ... ಬರ್ದೀರಲ್ಲ ಸರ್?"

"ಹೂಂ ಮೇಡಂ, ಎಲ್ಲಾ ಬರ್ದೀನಿ," ಎಂದೆ.

ಅವರು ಪ್ರಬಂಧವನ್ನು ಎದೆಯ ಮೇಲಿಟ್ಟುಕೊಂಡು ಅದರ ಮೇಲೆ ಎಡಗೈ ಇಟ್ಟರು. ಮುಖದ ಒಂದು ಬದಿ ಮಾತ್ರ ನಕ್ಕಿತು. ಇಪ್ಪತ್ತು ದಿನಕ್ಕೆ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದಳು ಎಂದರು.